ಸಾರಿನ ಪಾತ್ರೆಯಲ್ಲಿ ಬೇಸ್ ತಂತಿ

ನಮ್ಮ ಮನೆಯಲ್ಲಿ ಒಂದು ಸ್ಟೀಲ್ ಪಾತ್ರೆ ಇದೆ. ಮೊದಲು ಅದರಲ್ಲಿ ಸಾರು ಮಾಡುತ್ತಿದ್ದರು, ಈಗ ಯಾರೂ ಮುಟ್ಟುವುದಿಲ್ಲ. ಒಂದು ಭಾನುವಾರ ನನ್ನ ಬೇಸ್ ಗಿಟಾರಿನ ನಾಲ್ಕು ತಂತಿಗಳನ್ನು ಸುರುಳಿ ಸುತ್ತಿ, ಅದರೊಳಗೆ ನೀರು ಹಾಕಿ ಕುದಿಯಲು ಇಟ್ಟಿದ್ದೆ. ಅಮ್ಮ ಬಂದು ಮುಚ್ಚಳ ತೆಗೆದು, "ಇದೇನೋ, ಶಾವಿಗೆ ಅಂದ್ಕೊಂಡೆ!" ಎಂದರು. ಹತ್ತು ನಿಮಿಷದಲ್ಲಿ ನೀರು ಬೂದಿಯ ಬಣ್ಣಕ್ಕೆ ತಿರುಗಿತು. ಮೇಲೆ ತೆಳ್ಳಗೆ ಜಿಡ್ಡು ತೇಲಿತು. ಆರು ತಿಂಗಳ ನನ್ನ ಬೆವರು, ಎಣ್ಣೆ, ಬೆರಳಿನ ಸತ್ತ ಚರ್ಮ. ಪಾತ್ರೆ ಅವತ್ತೇ ಅಡುಗೆಮನೆಯಿಂದ ಗಡೀಪಾರಾಯಿತು.

ಇದು ನನ್ನೊಬ್ಬನ ಹುಚ್ಚಲ್ಲ. ಬೇಸ್ ನುಡಿಸುವವರಲ್ಲಿ ಇದು ಹಳೆಯ ಉಪಾಯ. ಒಂದು ಸೆಟ್ ತಂತಿಗೆ ಸಾವಿರಗಟ್ಟಲೆ ರೂಪಾಯಿ ಕೊಡಬೇಕು. ಕುದಿಸಿ, ತುಕ್ಕು ಹಿಡಿಯದ ಹಾಗೆ ಚೆನ್ನಾಗಿ ಒಣಗಿಸಿ ಮತ್ತೆ ಕಟ್ಟಿದರೆ ಹೊಸ ತಂತಿಯ ಆ ಠಣ್ ಎನ್ನುವ ಹೊಳಪು ಕೆಲವು ದಿನ ವಾಪಸ್ ಬರುತ್ತದೆ. ಆಮೇಲೆ ಮತ್ತೆ ಮಂಕು. ತಮಾಷೆ ಏನೆಂದರೆ, ಇನ್ನೊಂದು ಗುಂಪಿನವರು ಇದೇ ಮಂಕು ದನಿಗಾಗಿ ತಂತಿಯನ್ನು ವರ್ಷಗಟ್ಟಲೆ ಬದಲಿಸುವುದೇ ಇಲ್ಲ. ಅಷ್ಟು ಸಾಲದು ಅಂತ ತಂತಿಯ ಕೆಳಗೆ ಸ್ಪಾಂಜ್ ಬೇರೆ ತುರುಕುತ್ತಾರೆ.

ಯಾರು ಸರಿ? ಅದನ್ನು ನೋಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ನಿಮಗೆ ಇಷ್ಟವಾದ ಹಾಡನ್ನು ಫೋನಿನ ಸ್ಪೀಕರಿನಲ್ಲೇ ಹಾಕಿ. ಬೇಸ್ ಕೇಳುತ್ತದೆ, ಅಲ್ವಾ? ಕೇಳಬಾರದಿತ್ತು. ಬೇಸ್ ಗಿಟಾರಿನ ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಅದು ಸೆಕೆಂಡಿಗೆ 41.2 ಸಲ ಕಂಪಿಸುತ್ತದೆ. ಅಂದರೆ 41.2 ಹರ್ಟ್ಜ್. ಗಾಳಿಯಲ್ಲಿ ಆ ಅಲೆಯ ಉದ್ದ ಎಂಟು ಮೀಟರಿಗಿಂತ ಜಾಸ್ತಿ. ಉಗುರಿನಷ್ಟು ಅಗಲದ ಫೋನ್ ಸ್ಪೀಕರಿಗೆ ಅಷ್ಟು ಗಾಳಿ ತಳ್ಳುವ ತಾಕತ್ತೇ ಇಲ್ಲ.

ಆದರೆ ತಂತಿ ಒಂದೇ ರೀತಿಯಲ್ಲಿ ಅಲುಗುವುದಿಲ್ಲ. ಇಡೀ ತಂತಿ ತೂಗುತ್ತಿರುವಾಗಲೇ ಅದರ ಎರಡು ಅರ್ಧಗಳು ಬೇರೆ ತೂಗುತ್ತವೆ, ಮೂರು ಭಾಗಗಳಾಗಿ, ನಾಲ್ಕು ಭಾಗಗಳಾಗಿಯೂ ತೂಗುತ್ತದೆ. ಅವು 82.4, 123.6, 164.8 ಹೀಗೆ ಏರುತ್ತಾ ಹೋಗುತ್ತವೆ. ಇವೇ ಹಾರ್ಮೋನಿಕ್ಸ್. ಫೋನಿನಿಂದ ಹೊರಗೆ ಬರುವುದು ಇವುಗಳಲ್ಲಿ ಮೇಲಿನವು ಮಾತ್ರ. ಒಂದಕ್ಕೂ ಇನ್ನೊಂದಕ್ಕೂ 41.2ರ ಅಂತರ ಇರುವುದನ್ನು ಮಿದುಳು ಗಮನಿಸಿ, ಬುಡದಲ್ಲಿ 41.2 ಇರಲೇಬೇಕು ಅಂತ ತಾನೇ ತುಂಬಿಕೊಳ್ಳುತ್ತದೆ. ಇಲ್ಲದ ಸ್ವರವನ್ನು ನೀವು ಕೇಳುತ್ತೀರಿ.

ಬೇಸ್ ಟೋನ್ ಬಗ್ಗೆ ನನ್ನ ತಕರಾರು ಶುರುವಾಗುವುದೇ ಇಲ್ಲಿಂದ. ಅಂಗಡಿಗೆ ಹೋದವರೆಲ್ಲ "ಕೆಳಗಿನ ಸೌಂಡ್ ಜೋರಾಗಿ ಬರಬೇಕು" ಎನ್ನುತ್ತಾರೆ. ಕೆಳಗಿನದು ಎಲ್ಲ ಬೇಸ್‌ನಲ್ಲೂ ಹೆಚ್ಚುಕಡಿಮೆ ಒಂದೇ. ಒಂದು ವಾದ್ಯ ಇನ್ನೊಂದರ ಹಾಗೆ ಕೇಳದಿರುವುದು ಮೇಲಿನ ಹಾರ್ಮೋನಿಕ್ಸ್‌ನಲ್ಲಿ ಯಾವುದು ಉಳಿಯಿತು, ಯಾವುದು ಸತ್ತಿತು ಎಂಬುದರಿಂದ. ರಾಕ್ ಬೇಸ್ ಅಂದ ಕೂಡಲೇ ಎಲ್ಲರೂ ಹೆಸರಿಸುವ ಆಂಪೆಗ್ ಕಂಪನಿಯ ಎಂಟು ಸ್ಪೀಕರಿನ ಬೀರುವಿನಂಥ ಡಬ್ಬವನ್ನೇ ನೋಡಿ. ಕಂಪನಿಯೇ ಕೊಡುವ ಲೆಕ್ಕದಲ್ಲಿ 58 ಹರ್ಟ್ಜ್ ಹೊತ್ತಿಗೇ ಅದರ ದನಿ ಕುಗ್ಗಿರುತ್ತದೆ. ಅಂದರೆ ದಪ್ಪ ತಂತಿಯ ಮೂಲ ಸ್ವರವನ್ನು ಅದು ಪೂರ್ತಿ ಹೊರಡಿಸುವುದೇ ಇಲ್ಲ. ಆದರೂ ಅದರ ಮುಂದೆ ನಿಂತವರಿಗೆ ಎದೆ ನಡುಗುತ್ತದೆ.

ಬೇಸ್ ಗಿಟಾರ್ ಹುಟ್ಟಿದ್ದು ಮಂಕು ದನಿಗಾಗಿಯೇ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ಲಿಯೋ ಫೆಂಡರ್ ಎಂಬ ರೇಡಿಯೋ ರಿಪೇರಿಯವರಿದ್ದರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆಗಿನ ಬ್ಯಾಂಡುಗಳಲ್ಲಿ ಆಳೆತ್ತರದ ಡಬಲ್ ಬೇಸ್ ಇತ್ತು. ಹೊತ್ತು ತಿರುಗುವುದು ಕಷ್ಟ, ಡ್ರಮ್ಮು ತುತ್ತೂರಿಗಳ ನಡುವೆ ಕೇಳುವುದೂ ಇಲ್ಲ. 1951ರಲ್ಲಿ ಫೆಂಡರ್ ತಂದ ಪ್ರಿಸಿಷನ್ ಬೇಸ್‌ನಲ್ಲಿ ತಂತಿಯ ಉದ್ದ 34 ಇಂಚು. ಕುತ್ತಿಗೆಯ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳು, ಅಂದರೆ ಫ್ರೆಟ್, ಇದ್ದದ್ದರಿಂದ ಬೆರಳು ಇಟ್ಟಲ್ಲಿ ಸ್ವರ ಕರಾರುವಾಕ್ಕಾಗಿ ಬರುತ್ತಿತ್ತು, ಹೆಸರು ಬಂದದ್ದೂ ಅದರಿಂದಲೇ. ಆದರೆ ದನಿ ಮಾತ್ರ ಡಬಲ್ ಬೇಸಿನ ಹಾಗೆ ದಪ್ಪಗೆ, ಗಿಡ್ಡಗೆ ಇರಬೇಕಿತ್ತು. ಹಾಗಾಗಿ ಚಪ್ಪಟೆ ಪಟ್ಟಿ ಸುತ್ತಿದ ಫ್ಲಾಟ್‌ವೌಂಡ್ ತಂತಿ, ತಂತಿಗಳು ದೇಹದ ಮೇಲೆ ಕೂರುವ ಬ್ರಿಡ್ಜಿನ ಮುಚ್ಚಳದೊಳಗೆ ಒಂದು ತುಂಡು ಸ್ಪಾಂಜ್.

ಆ ಮಂಕು ದನಿಯಿಂದ ಏನು ಮಾಡಬಹುದೆಂದು ತೋರಿಸಿದ್ದು ಡೆಟ್ರಾಯಿಟ್‌ನ ಜೇಮ್ಸ್ ಜೇಮರ್ಸನ್. ಮೋಟೌನ್ ಕಂಪನಿಯ 1960ರ ದಶಕದ ಹಾಡುಗಳಲ್ಲಿ ಕುಣಿಯುವ ಬೇಸ್ ಬಹುಪಾಲು ಅವರದ್ದೇ. 1962ರ ಒಂದು ಪ್ರಿಸಿಷನ್ ಬೇಸ್, ದಪ್ಪನೆಯ ಫ್ಲಾಟ್‌ವೌಂಡ್ ತಂತಿ, ಮೀಟಲು ಒಂದೇ ತೋರುಬೆರಳು. ತಂತಿ ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಆಂಪ್ (ಆಂಪ್ಲಿಫೈಯರ್) ಇಲ್ಲದೆ ನೇರವಾಗಿ ರೆಕಾರ್ಡಿಂಗ್ ಮೇಜಿಗೆ ಕೇಬಲ್ ಹಾಕುತ್ತಿದ್ದರು. ಆ ಹಾಡುಗಳನ್ನು ಜನ ಕೇಳುತ್ತಿದ್ದದ್ದು ಕಾರಿನ ರೇಡಿಯೋದಲ್ಲಿ, ಸಣ್ಣ ಟ್ರಾನ್ಸಿಸ್ಟರಿನಲ್ಲಿ. ಜಿಡ್ಡು ಹಿಡಿದ ತಂತಿಯಲ್ಲಿ ಸಾಯುವುದು ತುಂಬಾ ಮೇಲಿನ ಹಾರ್ಮೋನಿಕ್ಸ್. ಎರಡನೆಯದರಿಂದ ಏಳೆಂಟನೆಯದರವರೆಗೆ ಚೆನ್ನಾಗಿಯೇ ಉಳಿಯುತ್ತವೆ. ಸಣ್ಣ ರೇಡಿಯೋಗೆ ಬೇಕಾದದ್ದೂ ಅಷ್ಟೇ. ಜೊತೆಗೆ ಸ್ಪಾಂಜಿನಿಂದಾಗಿ ಪ್ರತಿ ಸ್ವರ ಬೇಗ ನಿಂತು ಮುಂದಿನದಕ್ಕೆ ಜಾಗ ಬಿಡುತ್ತದೆ.

ಕುದಿಸುವ ಪಂಗಡ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 'ದಿ ಹೂ' (The Who) ಎಂಬ ರಾಕ್ ಬ್ಯಾಂಡಿನ ಬೇಸ್‌ನವರು ಜಾನ್ ಎಂಟ್‌ವಿಸಲ್‌ಗೆ ಪಿಯಾನೋದ ಕೆಳಗಿನ ತಂತಿಗಳಂತೆ ಗರ್ಜಿಸುವ ದನಿ ಬೇಕಿತ್ತು. 1966ರಲ್ಲಿ ರೋಟೋಸೌಂಡ್ ಕಂಪನಿ ಅವರ ಜೊತೆ ಕೂತು ದುಂಡು ತಂತಿ ಸುತ್ತಿದ ರೌಂಡ್‌ವೌಂಡ್ ತಂತಿಗಳನ್ನು ಸರಿಮಾಡಿತು. ದುಂಡು ಸುತ್ತಿನ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ. ಹೊಸದರಲ್ಲಿ ಅವು ಖಾಲಿ, ತಂತಿ ಸಲೀಸಾಗಿ ಬಾಗುತ್ತದೆ, ಮೇಲಿನ ಹಾರ್ಮೋನಿಕ್ಸ್ ತುಂಬಾ ಹೊತ್ತು ಉಳಿಯುತ್ತವೆ. ಸಂದುಗಳಲ್ಲಿ ಜಿಡ್ಡು ಕೂತ ಮೇಲೆ ಪ್ರತಿ ಬಾಗಿಗೂ ಒಂದಿಷ್ಟು ಶಕ್ತಿ ಉಜ್ಜಾಟದಲ್ಲಿ ಕಳೆದುಹೋಗುತ್ತದೆ. ಚಿಕ್ಕ ಚಿಕ್ಕ ಬಾಗುಗಳೇ ಮೇಲಿನ ಹಾರ್ಮೋನಿಕ್ಸ್ ಆದ್ದರಿಂದ ಮೊದಲ ಪೆಟ್ಟು ಅವಕ್ಕೇ. ನನ್ನ ಸಾರಿನ ಪಾತ್ರೆ ಮಾಡುವುದು ಸಂದು ತೊಳೆಯುವ ಕೆಲಸ.

ಫ್ಲಾಟ್‌ವೌಂಡ್ ಅಂದರೆ ಮಂಕು, ರೌಂಡ್‌ವೌಂಡ್ ಅಂದರೆ ಹೊಳಪು ಎಂದು ಗೆರೆ ಎಳೆಯುವ ಹೊತ್ತಿಗೆ ಸ್ಟೀವ್ ಹ್ಯಾರಿಸ್ ಅಡ್ಡ ಬರುತ್ತಾರೆ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತಲ್ಲ, ಆ ಬ್ಯಾಂಡಿನ ಬೇಸ್‌ನವರು. ಕುದುರೆ ಓಡಿದಂತೆ ಕಟಕಟ ಎನ್ನುವ ಅವರ ದನಿ ಕೇಳಿದ ಯಾರಾದರೂ ಅದು ರೌಂಡ್‌ವೌಂಡ್ ಎಂದೇ ಪಣ ಕಟ್ಟುತ್ತಾರೆ. ಅವರು ಹಾಕುವುದು ಫ್ಲಾಟ್‌ವೌಂಡ್! ಆದರೆ ಪ್ರತಿ ಶೋಗೂ ಹೊಸ ಸೆಟ್. ಜೊತೆಗೆ ಬೆರಳಿನ ಹೊಡೆತ ಎಷ್ಟು ಜೋರೆಂದರೆ ತಂತಿ ಹೋಗಿ ಫ್ರೆಟ್‌ಗೆ ಬಡಿಯುತ್ತದೆ. ಒಂದೇ ಜಾತಿಯ ಬೇಸ್, ಒಂದೇ ಜಾತಿಯ ತಂತಿ, ಜೇಮರ್ಸನ್‌ಗೂ ಇವರಿಗೂ ಅಜಗಜಾಂತರ.

ಎಲ್ಲಿ ಮೀಟುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ತಂತಿಯ ಐದನೇ ಒಂದು ಭಾಗದಲ್ಲಿ ಮೀಟಿದರೆ ಐದನೇ ಹಾರ್ಮೋನಿಕ್ ಹುಟ್ಟುವುದೇ ಇಲ್ಲ, ಯಾಕೆಂದರೆ ಅದು ಅಲ್ಲಿ ಅಲುಗದೆ ನಿಲ್ಲಬೇಕು, ನಿಮ್ಮ ಬೆರಳು ಅಲ್ಲೇ ಅಲುಗಿಸಿಬಿಟ್ಟಿದೆ. ಇದು ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ಕಾಲದಿಂದ ಗೊತ್ತಿರುವ ನಿಯಮ. ಆದರೆ 1921ರಲ್ಲಿ ಕಲ್ಕತ್ತಾದಿಂದ ಸಿ.ವಿ. ರಾಮನ್ ಒಂದು ಸಣ್ಣ ಪ್ರಬಂಧ ಬರೆದು, ನಮ್ಮ ತಂಬೂರಿ ಮತ್ತು ವೀಣೆ ಈ ನಿಯಮಕ್ಕೆ ಬಗ್ಗುವುದಿಲ್ಲ ಎಂದು ತೋರಿಸಿದರು. ನಿಯಮದ ಪ್ರಕಾರ ಇರಬಾರದ ಹಾರ್ಮೋನಿಕ್ ಅವುಗಳಲ್ಲಿ ಗಟ್ಟಿಯಾಗಿ ಕೇಳುತ್ತದೆ. ಕಾರಣ ಅವುಗಳ ಅಗಲವಾದ, ಸ್ವಲ್ಪ ಇಳಿಜಾರಾದ ಕುದುರೆ, ಅಂದರೆ ಬ್ರಿಡ್ಜ್. ತಂತಿ ಅದರ ಮೇಲೆ ಒರಸಿಕೊಂಡು ಕಂಪಿಸುತ್ತಾ ಹೊಸ ಹೊಸ ಹಾರ್ಮೋನಿಕ್ಸ್ ಹುಟ್ಟಿಸುತ್ತಲೇ ಇರುತ್ತದೆ. ಸಂಗೀತದವರು ಜವಾರಿ ಎನ್ನುವುದು ಇದಕ್ಕೇ. ಧಾರವಾಡದ ಕಡೆಯವರು ಕೋಳಿ ನೆನಪಿಸಿಕೊಂಡರೆ ಅದು ಬೇರೆ ಜವಾರಿ.

ಈ ಜವಾರಿ ಬೇಸ್‌ಗೂ ಬಂತು, ಫ್ಲೋರಿಡಾದ ಜಾಕೋ ಪಾಸ್ಟೋರಿಯಸ್ ಕೈಯಲ್ಲಿ. 1962ರ ಒಂದು ಫೆಂಡರ್ ಜಾಝ್ ಬೇಸ್‌ನ ಫ್ರೆಟ್‌ಗಳನ್ನು ಕಿತ್ತು, ಸಂದುಗಳಿಗೆ ಮರದ ಪುಟ್ಟಿ ತುಂಬಿದ ವಾದ್ಯ ಅವರದ್ದು. ರೌಂಡ್‌ವೌಂಡ್ ತಂತಿ ಮರವನ್ನು ಅರದ ಹಾಗೆ ತಿಂದುಹಾಕುತ್ತದೆ. ಅದಕ್ಕೆ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಪದರ ಪದರವಾಗಿ ಬಳಿದರು. ಗಾಜಿನಂತೆ ಗಟ್ಟಿಯಾದ ಆ ಹಲಗೆಯ ಮೇಲೆ ತಂತಿ ಒರಸಿಕೊಂಡು "ಮ್ವಾ..." ಎಂದು ಬಾಯಿ ತೆರೆದಂತೆ ಅರಳುವ ದನಿ ಬಂತು. 1976ರ ಅವರ ಮೊದಲ ಸೋಲೋ ಆಲ್ಬಂ ಕೇಳಿದವರು ಎಷ್ಟೋ ಮಂದಿ ತಮ್ಮ ಒಳ್ಳೆಯ ಬೇಸ್‌ಗಳ ಫ್ರೆಟ್ ಕಿತ್ತು ಹಾಳು ಮಾಡಿಕೊಂಡರು. ರಾಮನ್ ಕೇಳಿದ್ದರೆ ತಕ್ಷಣ ಗುರುತಿಸುತ್ತಿದ್ದರು ಅಂತ ನನ್ನ ನಂಬಿಕೆ.

ಪಿಕಪ್‌ದು ಇನ್ನೊಂದು ಕಥೆ. ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳು ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅಲುಗಿದರೆ ಸುತ್ತಿನಲ್ಲಿ ವಿದ್ಯುತ್ ಹುಟ್ಟುತ್ತದೆ. ತೊಂದರೆ ಏನೆಂದರೆ ಅದು ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ನಮ್ಮ ದೇಶದ ಕರೆಂಟು 50 ಹರ್ಟ್ಜ್. ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಜ್. ಹಳೆಯ ವೈರಿಂಗಿನ ಒಂದು ಹಾಲ್‌ನಲ್ಲಿ ಪ್ರಾಕ್ಟೀಸ್ ಮಾಡುವಾಗ ಈ ಸ್ವರ ಹಿಡಿದು ಬಿಟ್ಟೆ. ದನಿ ಸೆಕೆಂಡಿಗೊಮ್ಮೆ ಉಬ್ಬಿ ಇಳಿದು, ಉಬ್ಬಿ ಇಳಿದು, ಆಂಪ್ ಉಸಿರಾಡಿದ ಹಾಗೆ ಕೇಳಿತು. ಐವತ್ತರಲ್ಲಿ ನಲವತ್ತೊಂಬತ್ತು ಕಳೆದರೆ ಒಂದು. ಡ್ರಮ್ಮರ್ "ಎಫೆಕ್ಟ್ ಚೆನ್ನಾಗಿದೆ, ಯಾವ ಪೆಡಲ್?" ಎಂದ. ವಿದ್ಯುತ್ ಇಲಾಖೆಯದು ಎಂದೆ. ಫೆಂಡರ್ 1957ರಲ್ಲೇ ಪ್ರಿಸಿಷನ್ ಬೇಸ್‌ನ ಪಿಕಪ್ಪನ್ನು ಎರಡು ತುಂಡು ಮಾಡಿ, ಒಂದರ ಸುತ್ತನ್ನೂ ಅಯಸ್ಕಾಂತವನ್ನೂ ತಿರುವುಮುರುವು ಮಾಡಿ ಈ ಗೊಣಗಾಟ ತಾನೇ ಅಳಿಸಿಹೋಗುವಂತೆ ಮಾಡಿದರು. ನನ್ನದು ಹಾಗೆ ಎರಡಾಗದ, ಒಂದೇ ಸುರುಳಿಯ ಪಿಕಪ್, ಅನುಭವಿಸಿದೆ.

ಪಿಕಪ್ ಎಲ್ಲಿ ಕೂತಿದೆ ಎನ್ನುವುದು ನನ್ನ ಮಟ್ಟಿಗೆ ಮರಕ್ಕಿಂತ ದೊಡ್ಡ ವಿಷಯ. ಬ್ರಿಡ್ಜಿನ ಹತ್ತಿರ ಮೂಲ ಸ್ವರದ ತೂಗು ತೀರಾ ಕಡಿಮೆ, ಹಾಗಾಗಿ ಅಲ್ಲಿನ ಪಿಕಪ್ ಮೂಗಿನಲ್ಲಿ ಮಾತಾಡುತ್ತದೆ. ಜಾಕೋ ನೆಚ್ಚಿದ್ದು ಅದನ್ನೇ. ಇನ್ನು ಯಾವ ಮರದ ದೇಹ ಒಳ್ಳೆಯದು ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಪಿಕಪ್ಪಿಗೆ ಕಾಣುವುದು ತಂತಿ ಮಾತ್ರ. ಮರದ ಪಾತ್ರ ನಿಜವಾಗಿ ಗೊತ್ತಾಗಬೇಕೆಂದರೆ ಕುತ್ತಿಗೆ ನೋಡಿ. ಬಹಳಷ್ಟು ಬೇಸ್‌ಗಳಲ್ಲಿ ತೆಳು ತಂತಿಯ ಐದರಿಂದ ಏಳನೇ ಫ್ರೆಟ್ ಆಸುಪಾಸು ಒಂದು ಸ್ವರ ಠುಸ್ಸೆಂದು ಸಾಯುತ್ತದೆ. ಆ ಕಂಪನಕ್ಕೆ ಕುತ್ತಿಗೆಯೂ ತಾಳ ಹಾಕಿ ತಂತಿಯ ಶಕ್ತಿಯನ್ನು ಕುಡಿದುಬಿಡುತ್ತದೆ.

1976ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬಂತು, ಒಳಗೆ ಬ್ಯಾಟರಿ ಹಾಕಿದ ಪುಟ್ಟ ಆಂಪ್ಲಿಫೈಯರ್ ಇಟ್ಟುಕೊಂಡು. 1980ರ ದಶಕದಲ್ಲಿ ಗ್ರಾಫೈಟ್ ಕುತ್ತಿಗೆ, ತಲೆಯಿಲ್ಲದ ಬೇಸ್, ಕನ್ನಡಿ ಒಡೆದಂಥ ಹೊಳಪು. ಅದೇ ಹೊತ್ತಿಗೆ ಕೀಬೋರ್ಡಿನವರು ಸಿಂಥಸೈಜರಿನಲ್ಲಿ 41 ಹರ್ಟ್ಜ್‌ಗಿಂತ ಕೆಳಗಿಳಿದು ಬೇಸ್‌ನವರ ಅನ್ನಕ್ಕೇ ಕೈ ಹಾಕಿದರು. ಐದನೇ ತಂತಿ ಮನೆಮಾತಾದದ್ದು ಆಗ. ಅದರ ಸ್ವರ ಸುಮಾರು 31 ಹರ್ಟ್ಜ್. ನಾನೂ ಒಂದು ಕೊಂಡಿದ್ದೆ. ಎರಡು ವರ್ಷ ಆ ಐದನೇ ತಂತಿ ಹೆಬ್ಬೆರಳು ಊರಿಕೊಳ್ಳಲು ಉಪಯೋಗಕ್ಕೆ ಬಂತು.

ಈಗ ಚಕ್ರ ಮತ್ತೆ ತಿರುಗಿದೆ. ಇಪ್ಪತ್ತರ ಹುಡುಗರು ಫ್ಲಾಟ್‌ವೌಂಡ್ ಹುಡುಕುತ್ತಾರೆ, ಪಾತ್ರೆ ತೊಳೆಯುವ ಸ್ಪಾಂಜ್ ಕತ್ತರಿಸಿ ಬ್ರಿಡ್ಜಿಗೆ ತುರುಕುತ್ತಾರೆ. ಸುಮ್ನೆ ಹಳೆಯದರ ಮೋಹ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರ ಹಾಡು ಕೇಳುವವರ ಕೈಯಲ್ಲಿ ಮತ್ತೆ ಒಂದು ಸಣ್ಣ ರೇಡಿಯೋ ಇದೆ, ಈ ಸಲ ಅದರ ಹೆಸರು ಫೋನು.

ಆಂಪ್‌ಗಳಂತೂ ಕರಗಿಯೇ ಹೋದವು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಎಂಬ ಆಂಪ್ 300 ವಾಟ್‌ನದು. ಅದರ ತಲೆಭಾಗವೇ 40 ಕಿಲೋ ಆಸುಪಾಸು, ಸ್ಪೀಕರ್ ಡಬ್ಬ ಬೇರೆ, ಎತ್ತಲು ಇಬ್ಬರು ಬೇಕು. ಈಗ ಅದಕ್ಕಿಂತ ಜಾಸ್ತಿ ವಾಟಿನ, ಕ್ಲಾಸ್ ಡಿ ಎಂಬ ಬಗೆಯ ಆಂಪ್ ಮೂರು ಕಿಲೋಗಿಂತ ಕಡಿಮೆ ತೂಗುತ್ತದೆ, ಬ್ಯಾಗಿನ ಜೇಬಿಗೆ ಹೋಗುತ್ತದೆ. ಎಷ್ಟೋ ವೇದಿಕೆಗಳಲ್ಲಿ ಅದೂ ಇಲ್ಲ. ಕಿವಿಗೆ ಇಯರ್‌ಫೋನ್, ಕಾಲ ಬಳಿ ಒಂದು ಪೆಟ್ಟಿಗೆ, ಮುಗೀತು. ಆದರೆ ಬೆನ್ನಿಗೆ ಬಡಿಯುವ ಆ ಗಾಳಿ ಇಲ್ಲದೆ ನುಡಿಸುವುದು ಸಪ್ಪೆ ಎಂದು ಅನೇಕರು ಗೊಣಗತೊಡಗಿದರು. ಅದಕ್ಕೂ ಸಾಮಾನು ಬಂದಿದೆ. ಕಾಲ ಕೆಳಗೆ ಇಟ್ಟುಕೊಳ್ಳುವ ಒಂದು ಮಣೆ, ಅದರೊಳಗೆ ದನಿಯಿಲ್ಲದೆ ಅಲುಗುವ ಯಂತ್ರ. ತಂತಿ ಮೀಟಿದರೆ ಅಂಗಾಲು ಗುಂಯ್ ಎನ್ನುತ್ತದೆ. ಬೇಸ್ ಹೊತ್ತು ಸೊಂಟ ನೋಯಿಸಿಕೊಂಡಿದ್ದ ಗೆಳೆಯನೊಬ್ಬ ಹಳೆಯ ಆಂಪ್ ಮಾರಿ ಹಗುರಾಗಿದ್ದ. ಮೊನ್ನೆ ಈ ಮಣೆಯ ಬೆಲೆ ವಿಚಾರಿಸುತ್ತಿದ್ದ.