ಲೈನು ಬಿಟ್ಟು ಬ್ಯಾಟರಿ ಹಿಡಿಯುವ ಹೊತ್ತು

ಮಳೆಗಾಲದಲ್ಲಿ ಕೊಡಗಿನಲ್ಲಿ ಕರೆಂಟು ಹೋದರೆ ಯಾರೂ ಕಾರಣ ಕೇಳುವುದಿಲ್ಲ. ಭಾಗಮಂಡಲದ ಕಡೆಯೋ ನಾಪೋಕ್ಲು ಕಡೆಯೋ ತೋಟದ ಮರವೊಂದು ಲೈನಿನ ಮೇಲೆ ಬಿದ್ದಿರುತ್ತದೆ, ಅಷ್ಟೇ. ಹಾಗಾಗಿ ಇನ್ವರ್ಟರ್ ಇಲ್ಲಿ ಸಾಮಾನ್ಯ. ವೈಫೈ ರೂಟರಿಗೂ ಈಗ ಪುಟ್ಟ ಯುಪಿಎಸ್ ಬಂದಿದೆ. ಕೊಳ್ಳುವಾಗ ಎಲ್ಲರೂ ಕೇಳುವುದು ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು. ಲೈನನ್ನು ಬಿಟ್ಟು ಬ್ಯಾಟರಿಯನ್ನು ಹಿಡಿಯುವ ಸರ್ಕ್ಯೂಟಿನ ಬಗ್ಗೆ ಯಾರೂ ಕೇಳುವುದಿಲ್ಲ. ನನಗಂತೂ ಕುತೂಹಲ ಇರುವುದು ಅದರ ಮೇಲೇ.

ರೂಟರಿನ ಅಡಾಪ್ಟರ್, ಬ್ಯಾಟರಿ ಎರಡನ್ನೂ ಸುಮ್ನೆ ಒಂದೇ ತಂತಿಗೆ ಸೇರಿಸಿದರೆ ಆಗದೇ? ಆಗದು. ವೋಲ್ಟೇಜ್ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಕರೆಂಟು ನುಗ್ಗುತ್ತದೆ. 12 ವೋಲ್ಟಿನ ಅಡಾಪ್ಟರ್, 11 ವೋಲ್ಟಿಗೆ ಇಳಿದ ಬ್ಯಾಟರಿಗೆ ಅಂಕೆಯಿಲ್ಲದೆ ಕರೆಂಟು ತುಂಬುತ್ತದೆ. ಲಿಥಿಯಂ ಸೆಲ್ಲಿಗೆ ಇದು ಅಪಾಯ.

ಇದಕ್ಕೆ ಹಳೆಯ ಉಪಾಯ ಡಯೋಡ್. ಹೊಳೆಗೆ ಇಳಿಸಿದ ಪಂಪಿನ ಫುಟ್‌ವಾಲ್ವ್ ನೀರನ್ನು ಮೇಲಕ್ಕೆ ಬಿಡುತ್ತದೆ, ವಾಪಸ್ ಇಳಿಯಲು ಬಿಡುವುದಿಲ್ಲ ಅಲ್ವಾ, ಹಾಗೆ. ಎರಡೂ ಕಡೆಗೆ ಒಂದೊಂದು ಡಯೋಡ್ ಹಾಕಿದರೆ ವೋಲ್ಟೇಜ್ ಜಾಸ್ತಿ ಇರುವುದೇ ರೂಟರನ್ನು ನಡೆಸುತ್ತದೆ, ಇನ್ನೊಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ನಡುವೆ ಬಿಡುವೇ ಇಲ್ಲ. ಆದರೆ ಸಿಲಿಕಾನ್ ಡಯೋಡ್ 0.6ರಿಂದ 0.7 ವೋಲ್ಟನ್ನು ತಾನೇ ನುಂಗುತ್ತದೆ. 12 ವೋಲ್ಟಿನಲ್ಲಿ ಅದು ಗೊತ್ತಾಗುವುದಿಲ್ಲ. 3 ವೋಲ್ಟಿನ ಸೆಲ್ಲಿನಲ್ಲಿ ಐದನೇ ಒಂದು ಪಾಲೇ ಹೋಯಿತು! ಶಾಟ್ಕಿ ಡಯೋಡ್ ಆದರೆ ನಷ್ಟ ಸುಮಾರು 0.3 ವೋಲ್ಟ್.

ಇನ್ನೂ ಉಳಿಸಬೇಕೆಂದರೆ ಮಾಸ್‌ಫೆಟ್, ಅಂದರೆ ವೋಲ್ಟೇಜ್ ಕೊಟ್ಟು ತೆರೆದು ಮುಚ್ಚುವ ಎಲೆಕ್ಟ್ರಾನಿಕ್ ಸ್ವಿಚ್. ಅದರ ರೋಧ 20 ಮಿಲಿಓಮ್ ಎಂದಿಟ್ಟುಕೊಳ್ಳಿ. ಒಂದು ಆಂಪಿಯರ್ ಹರಿದಾಗ ನಷ್ಟ ಬರೀ 0.02 ವೋಲ್ಟ್. ಮಾಸ್‌ಫೆಟ್ಟಿನ ಒಡಲಲ್ಲೇ ಒಂದು ಡಯೋಡ್ ಇರುತ್ತದೆ. ಅದು ಬ್ಯಾಟರಿಯಿಂದ ರೂಟರಿನ ಕಡೆಗೆ ಮುಖ ಮಾಡುವಂತೆ ಕೂರಿಸುತ್ತಾರೆ. ಲೈನು ಹೋದ ಕೂಡಲೇ ಮೊದಲು ಆ ಡಯೋಡ್ ಕರೆಂಟು ಸಾಗಿಸುತ್ತದೆ, ಆಮೇಲೆ ಮಾಸ್‌ಫೆಟ್ ಪೂರ್ತಿ ತೆರೆದು ನಷ್ಟ ಇಳಿಯುತ್ತದೆ. ನನಗೆ ಇದು ತುಂಬಾ ಇಷ್ಟವಾದ ಜಾಣತನ.

ಮನೆಯ ಇನ್ವರ್ಟರ್‌ನಲ್ಲಿ 'ಟಕ್' ಎಂದು ಬದಲಾಯಿಸುವುದು ರಿಲೇ, ಕರೆಂಟಿನಿಂದಲೇ ಆಚೀಚೆ ಸರಿಯುವ ಸ್ವಿಚ್. ಇನ್ವರ್ಟರಿನಲ್ಲಿ ಬೇಗ ಬದಲಾಯಿಸಲೆಂದೇ ಇರುವ ಯುಪಿಎಸ್ ಮೋಡಿನಲ್ಲಿ ಇದಕ್ಕೆ ಸುಮಾರು 10 ಮಿಲಿಸೆಕೆಂಡ್ ಬೇಕು, ಅಂದರೆ ನಮ್ಮ 50 ಹರ್ಟ್ಸ್ ಕರೆಂಟಿನ ಅರ್ಧ ಸುತ್ತು. ಅಷ್ಟರ ಮಟ್ಟಿಗೆ ಕಂಪ್ಯೂಟರ್ ತನ್ನ ಕೆಪಾಸಿಟರಿನಲ್ಲಿರುವ ಚಾರ್ಜಿನಲ್ಲೇ ಓಡುತ್ತದೆ.

ಕರೆಂಟು ಪೂರ್ತಿ ಹೋದರೆ ತೀರ್ಮಾನ ಸುಲಭ. ಅರ್ಧಂಬರ್ಧ ಇದ್ದಾಗಲೇ ಫಜೀತಿ. ಯುಪಿಎಸ್ ಮೋಡಿನಲ್ಲಿ ವೋಲ್ಟೇಜ್ ಸುಮಾರು 180ಕ್ಕೆ ಇಳಿದರೆ ಇನ್ವರ್ಟರ್ ಲೈನನ್ನು ಬಿಡುತ್ತದೆ. ಸಂಜೆ ಲೋ ವೋಲ್ಟೇಜ್ ಇರುವ ಮನೆಯಲ್ಲಿ ಲೈನು ಇದ್ದೂ ಬ್ಯಾಟರಿ ಖಾಲಿಯಾಗುವುದು ಇದರಿಂದಲೇ. ಮೋಡನ್ನು ನಾರ್ಮಲ್‌ಗೆ ಬದಲಾಯಿಸಿದರೆ ಇನ್ನೂ ಕೆಳಗಿನ ವೋಲ್ಟೇಜನ್ನೂ ಅದು ಸಹಿಸುತ್ತದೆ, ಆದರೆ ಬದಲಾವಣೆ ನಿಧಾನವಾಗುತ್ತದೆ. ಬಿಡುವುದಕ್ಕೂ ಮರಳುವುದಕ್ಕೂ ಒಂದೇ ಗಡಿ ಇಟ್ಟರೆ ಮಾತ್ರ ರಿಲೇ ಟಕಟಕ ಬಡಿದುಕೊಳ್ಳುತ್ತದೆ. ಅದಕ್ಕೇ ಮರಳುವ ಗಡಿಯನ್ನು ಸ್ವಲ್ಪ ಮೇಲಿಡುತ್ತಾರೆ. ಈ ಅಂತರಕ್ಕೆ ಹಿಸ್ಟರೆಸಿಸ್ ಎನ್ನುತ್ತಾರೆ.

ಇದೇ ಲೆಕ್ಕಾಚಾರ ಬೆರಳ ತುದಿಯಷ್ಟು ಚಿಪ್ಪಿನಲ್ಲೂ ಇದೆ. ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಬರೆದಿಡುವವರು. ಆ ಕೆಲಸವನ್ನು ಎಲೆಕ್ಟ್ರಾನಿಕ್ ಮಳೆಮಾಪಕಕ್ಕೆ ಕೊಟ್ಟರೆ, ಅದಕ್ಕೆ ತಾರೀಖು ಮರೆಯದ ಗಡಿಯಾರ ಬೇಕು. ಡಿಎಸ್1307 ಅಂಥ ಒಂದು ಅಗ್ಗದ ಗಡಿಯಾರ ಚಿಪ್. 5 ವೋಲ್ಟಿನಲ್ಲಿ ಓಡುವ ಇದಕ್ಕೆ 3 ವೋಲ್ಟಿನ ನಾಣ್ಯದಾಕಾರದ ಸೆಲ್ ಜೋಡಿಸಿದರೆ, ಆ 5 ವೋಲ್ಟಿನ ಲೈನು 3.75ಕ್ಕೆ ಇಳಿದಾಗಲೇ ಅದು ಹೊರಗಿನ ಮಾತು ಕೇಳುವುದನ್ನು ನಿಲ್ಲಿಸುತ್ತದೆ. ಕರೆಂಟು ಸಾಲದೆ ತಡಬಡಿಸುವ ಪ್ರೊಸೆಸರ್ ತಪ್ಪು ತಾರೀಖು ಬರೆದುಬಿಟ್ಟರೆ ಕಷ್ಟ. 3ಕ್ಕಿಂತ ಕೆಳಗಿಳಿದರೆ ಸೆಲ್ಲಿಗೆ ಬದಲಾಗುತ್ತದೆ. ಮತ್ತೆ ಲೈನಿಗೆ ಮರಳಲು 3.2 ದಾಟಬೇಕು.

ಸೆಲ್ಲಿನಿಂದ ಅದು ಎಳೆಯುವುದು ಅರ್ಧ ಮೈಕ್ರೋಆಂಪಿಯರಿಗಿಂತ ಕಡಿಮೆ. ಸಿಆರ್2032 ಸೆಲ್ಲಿನ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ. ಕಾಗದದ ಮೇಲೆ 50 ವರ್ಷವಾಯಿತು, ಆದರೆ ಸೆಲ್ಲು ತಾನೇ ಅದಕ್ಕೆ ಎಷ್ಟೋ ಮೊದಲು ಸೊರಗುತ್ತದೆ. ಈ ಚಿಪ್ ಇರುವ ಮಾಪಕ ಕರೆಂಟು ಬಂದ ಮೇಲೆ 2000ದ ಜನವರಿ 1 ಎಂದು ತೋರಿಸಿದರೆ, ಮೊದಲು ಬದಲಿಸಬೇಕಾದ್ದು ಆ ಸೆಲ್ಲನ್ನೇ.