ಬೆಳಿ ಚೆಂದ ಐತಲ್ರೀ!

ಬೆಳಗಾವಿಯ ಬಳ್ಳಾರಿ ನಾಲಾ ದಂಡೆಯ ರೈತರೊಬ್ಬರು ಒಂದು ಕಟ್ಟು ಪಾಲಕ್ ಹಿಡಿದುಕೊಂಡು ಬಂದಿದ್ದರು. ಊರಿನ ಕೊಳಚೆ ಹರಿಯುವುದು ಈ ನಾಲಾದಲ್ಲೇ. ಅದೇ ನೀರಿಗೆ ಪಂಪ್ ಹಚ್ಚಿ ಹೊಲಕ್ಕೆ ಬಿಡುತ್ತಾರೆ. "ಸಾಹೇಬ್ರ, ನೀರಾಗ ವಿಷ ಐತಿ ಅಂತಾರ. ಇದ್ದಿದ್ರ ಬೆಳಿ ಸಾಯಬೇಕಿತ್ತಲ್ರೀ? ನೋಡ್ರಿ, ಹೆಂಗ ಹಸರ ಐತಿ!"

ಕೊಳಚೆ ಅಂದ ತಕ್ಷಣ ಲೋಹದ ವಿಷ ಇದ್ದೇ ಇರುತ್ತದೆ ಅಂತಲ್ಲ. ಆದರೆ ಇದ್ದರೂ ಗಿಡ ಅಷ್ಟು ಬೇಗ ಸಾಯುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಕ್ಯಾಡ್ಮಿಯಂ ತೆಗೆದುಕೊಳ್ಳಿ. ಬೆಳೆಗೆ ಅದರಿಂದ ಏನೂ ಉಪಯೋಗವಿಲ್ಲ. ಸತು, ಕಬ್ಬಿಣ, ಮ್ಯಾಂಗನೀಸ್ ಒಳಬರುವ ಬಾಗಿಲಲ್ಲೇ ಅದೂ ನುಸುಳುತ್ತದೆ. ಬಂದ ಕೂಡಲೇ ಗಿಡ ಗಂಧಕ ಇರುವ ಪುಟ್ಟ ಸರಪಳಿಗಳನ್ನು ತಯಾರಿಸುತ್ತದೆ. ಹೆಸರು ಫೈಟೊಕೆಲಾಟಿನ್, 1985ರಲ್ಲಿ ಜರ್ಮನಿಯ ವಿಜ್ಞಾನಿಗಳು ಗುರುತಿಸಿದ್ದು. ಇವು ಲೋಹವನ್ನು ಕಟ್ಟಿಹಾಕಿ, ಜೀವಕೋಶದೊಳಗಿನ ಚೀಲಕ್ಕೆ ತಳ್ಳುತ್ತವೆ. ಮನೆಯ ಅಟ್ಟ ಇದ್ದಂತೆ, ಬೇಡದ್ದೆಲ್ಲ ಅಲ್ಲಿಗೆ. ಗಿಡ ಬದುಕಿತು. ಆ ಎಲೆಯ ಪಲ್ಯ ತಿಂದವರ ಹೊಟ್ಟೆಗೆ ಅಟ್ಟದ ಸಾಮಾನೆಲ್ಲ ಇಳಿಯಿತು. ನಮ್ಮ ಮೂತ್ರಪಿಂಡದಲ್ಲಿ ಕ್ಯಾಡ್ಮಿಯಂ ಹತ್ತಾರು ವರ್ಷ ಕೂತಿರುತ್ತದೆ. ಅದಕ್ಕೇ ಸೊಪ್ಪಿಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಕೆಜಿಗೆ ಬರೀ 0.2 ಮಿಲಿಗ್ರಾಂ.

ಅಟ್ಟ ತುಂಬಿದ ಮೇಲಷ್ಟೇ ಗಿಡ ಸೊರಗುತ್ತದೆ. ಬೇರು ಮೊಂಡಾಗಿ ಕಂದುತ್ತದೆ, ಎಳೆ ಎಲೆ ಹಳದಿಯಾಗುತ್ತದೆ. ನಮ್ಮ ಎರೆ ಹೊಲಗಳಲ್ಲಿ ಕಬ್ಬಿಣದ ಕೊರತೆಗೂ ಇದೇ ಹಳದಿ, ಅಲ್ವಾ? ಮೊಬೈಲಿನಲ್ಲಿ ಫೋಟೊ ನೋಡಿ ಕಾರಣ ಹೇಳಲು ಹೋಗಿ ನಾನೂ ಒಮ್ಮೆ ಎಡವಿದ್ದೇನೆ.

ಸೀಸದ ದಾರಿ ಬೇರೆ. ಅದು ಹೆಚ್ಚಾಗಿ ಬೇರಿನಲ್ಲೇ ನಿಲ್ಲುತ್ತದೆ. ಎಲೆಯ ಮೇಲಿನ ಸೀಸ ಬಹಳಷ್ಟು ಸಲ ಧೂಳಿನದು, ತೊಳೆದರೆ ಜಾಸ್ತಿ ಭಾಗ ಹೋಗುತ್ತದೆ. ಒಳಗಿನ ಕ್ಯಾಡ್ಮಿಯಂ ಮಾತ್ರ ಎಷ್ಟು ತೊಳೆದರೂ ಹೋಗದು.

ಮಣ್ಣಿನ ಗುಣವೂ ಮುಖ್ಯ. ವಿಜಯಪುರದ ಎರೆ ಮಣ್ಣಿನಲ್ಲಿ ಸುಣ್ಣದ ಹರಳು, ಜಿಗುಟು ಎರಡೂ ಇವೆ. ರಸಸಾರ (ಹುಳಿ-ಕ್ಷಾರದ ಅಳತೆ, pH) ಸಾಮಾನ್ಯವಾಗಿ 8ರ ಆಸುಪಾಸು. ಅಲ್ಲಿ ಕ್ಯಾಡ್ಮಿಯಂ ಮಣ್ಣಿಗೇ ಅಂಟಿಕೊಳ್ಳುತ್ತದೆ. ಖಾನಾಪುರ ಕಡೆಯ ಹುಳಿ ಕೆಂಪು ಮಣ್ಣಿನಲ್ಲಿ ಅಷ್ಟೇ ಲೋಹ ಸಲೀಸಾಗಿ ಬೇರಿಗೆ ಸಿಗುತ್ತದೆ. ಅಲ್ಲಿ ಸುಣ್ಣ ಹಾಕಿದರೆ ಕೆಲಸ ಮಾಡುತ್ತದೆ. ಎರೆ ಹೊಲಕ್ಕೆ ಸುಣ್ಣ ಸುರಿಯುವುದು ಸುಮ್ನೆ ದುಡ್ಡು ದಂಡ. ಇಲ್ಲಿ ನೋಡಬೇಕಾದ್ದು ಸತು. ಸತು ಕಡಿಮೆಯಾದರೆ ಬೇರು ಬಾಗಿಲನ್ನು ಇನ್ನಷ್ಟು ಅಗಲ ತೆರೆಯುತ್ತದೆ, ಕ್ಯಾಡ್ಮಿಯಂಗೂ ಹಬ್ಬ.

ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇರುತ್ತವೆ. ಸೀಸ, ಕ್ಯಾಡ್ಮಿಯಂ ಅದರಲ್ಲಿಲ್ಲ. ಬೇರೆಯಾಗಿ ಕೇಳಿ ಮಾಡಿಸಬೇಕು, ಮಣ್ಣಿನ ಜೊತೆ ಎಲೆಯನ್ನೂ ಕೊಡಬೇಕು. ಫಲಿತಾಂಶ ಬರುವ ತನಕ ಆ ಹೊಲದಲ್ಲಿ ಸೊಪ್ಪು ಬೇಡ, ಚೆಂಡು ಹೂ ಹಚ್ಚಿ ಎಂದೆ.

"ಹಂಗಾರ ಈ ಪಾಲಕ್?" ಎಂದರು. ಕಟ್ಟನ್ನು ಮೇಜಿನ ಮೇಲೇ ಬಿಟ್ಟು ಹೋದರು. ತೊಳೆದು ಒಣಗಲು ಇಟ್ಟಿದ್ದೇನೆ, ಪರೀಕ್ಷೆಗೆ.