ಧಣಿಗಳು ಊರಿಗೆ ಹೋದಾಗ

ಮೇ ತಿಂಗಳು ಬಂತೆಂದರೆ ಮುಂಬಯಿಯ ಉಡುಪಿ ಹೋಟೆಲುಗಳ ಧಣಿಗಳು ಒಬ್ಬೊಬ್ಬರಾಗಿ ಊರಿನ ದಾರಿ ಹಿಡಿಯುತ್ತಾರೆ. ಮದುವೆ, ಗೃಹಪ್ರವೇಶ, ದೈವದ ಕೋಲ, ಕಾರಣಗಳಿಗೆ ಬರವಿಲ್ಲ. ಗಲ್ಲಾದಲ್ಲಿ ಭಾವನೋ ಅಳಿಯನೋ ಕೂತಿರುತ್ತಾನೆ. ಆಗ ಮಾಟುಂಗದ ಒಂದು ಹೋಟೆಲಿನಲ್ಲಿ ಸಾಂಬಾರು ನೀರಾಗುತ್ತದೆ, ಸಪ್ಲೈಯರುಗಳು ಮೊಬೈಲಿನಲ್ಲಿ ಮುಳುಗುತ್ತಾರೆ. ಇನ್ನೊಂದರಲ್ಲಿ ಧಣಿ ಊರಲ್ಲಿಲ್ಲ ಎಂಬುದೇ ಗಿರಾಕಿಗಳಿಗೆ ಗೊತ್ತಾಗುವುದಿಲ್ಲ.

ಇಂಥ ವ್ಯತ್ಯಾಸವನ್ನು ಪ್ರಯೋಗಕ್ಕೆ ಒಡ್ಡಿದವರು ಕುರ್ಟ್ ಲೆವಿನ್. ಹಿಟ್ಲರ್ ಅಧಿಕಾರಕ್ಕೇರಿದ 1933ರಲ್ಲೇ ಜರ್ಮನಿ ತೊರೆದ ಯಹೂದಿ ಮನೋವಿಜ್ಞಾನಿ. ಸರ್ವಾಧಿಕಾರ ಮನುಷ್ಯರನ್ನು ಏನು ಮಾಡುತ್ತದೆ ಎಂಬುದು ಅವರಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಅಮೆರಿಕದ ಅಯೋವಾದಲ್ಲಿ ರೊನಾಲ್ಡ್ ಲಿಪಿಟ್ ಮತ್ತು ರಾಲ್ಫ್ ವೈಟ್ ಅವರೊಂದಿಗೆ ಹತ್ತು ವರ್ಷದ ಹುಡುಗರ ಗುಂಪುಗಳನ್ನು ಕಟ್ಟಿ, ಮುಖವಾಡ ಮಾಡುವಂಥ ಕೆಲಸ ಕೊಟ್ಟರು. ಒಬ್ಬ ನಾಯಕ ಬರೀ ಆಜ್ಞೆ ಮಾಡುವವನು, ಮುಂದಿನ ಹೆಜ್ಜೆ ಯಾವುದೆಂದೂ ಹೇಳದವನು. ಇನ್ನೊಬ್ಬ ಹುಡುಗರೊಂದಿಗೆ ಚರ್ಚಿಸಿ ತೀರ್ಮಾನಿಸುವವನು. ಮೂರನೆಯವನು ‘ನಿಮಗೆ ಬಿಟ್ಟದ್ದು’ ಎಂದು ಕೈಕಟ್ಟಿ ನಿಲ್ಲುವವನು. ತಮಾಷೆಯೆಂದರೆ ಈ ಮೂರನೆಯ ಬಗೆ ಮೊದಲ ಯೋಜನೆಯಲ್ಲಿ ಇರಲೇ ಇಲ್ಲ. ಪ್ರಜಾಸತ್ತೆಯ ನಾಯಕನಾಗಬೇಕಿದ್ದ ವೈಟ್ ತೀರಾ ಸಡಿಲ ಬಿಟ್ಟಾಗ, ಲೆವಿನ್ ಅದನ್ನೇ ಬೇರೊಂದು ಶೈಲಿಯೆಂದು ಎಣಿಸಿದರು. 1939ರಲ್ಲಿ ಪ್ರಬಂಧ ಪ್ರಕಟವಾಯಿತು.

ಪ್ರಯೋಗದ ಜೀವಾಳವಿರುವುದು ನಾಯಕರು ಬೇಕೆಂದೇ ಕೋಣೆಯಿಂದ ಹೊರಹೋದ ಗಳಿಗೆಗಳಲ್ಲಿ. ಆಜ್ಞೆಗೆ ತಗ್ಗಿ ನಡೆದ ಗುಂಪುಗಳಲ್ಲಿ, ನಾಯಕ ಎದುರಿಗಿದ್ದಾಗ ಹುಡುಗರ ಸಮಯದ ಶೇ. 74ರಷ್ಟು ಕೆಲಸಕ್ಕೆ ಸಲ್ಲುತ್ತಿತ್ತು. ಅವನು ಬಾಗಿಲು ದಾಟಿದೊಡನೆ ಅದು ಶೇ. 29ಕ್ಕೆ ಕುಸಿಯಿತು. ಚರ್ಚಿಸಿ ನಡೆದ ಗುಂಪಿನಲ್ಲಿ ಶೇ. 50 ಇದ್ದದ್ದು 46ಕ್ಕೆ ಇಳಿಯಿತು, ಅಷ್ಟೇ. ಗದರುವ ಧಣಿ ಮೋಸಹೋಗುವುದು ಇಲ್ಲಿಯೇ. ಗಲ್ಲಾದಲ್ಲಿ ಕೂತಿರುವಷ್ಟು ಹೊತ್ತು ಅವರ ಕಣ್ಣಿಗೆ ಬೀಳುವುದು ಆ 74 ಮಾತ್ರ. ಅದರಿಂದ ತಮ್ಮ ದನಿಗೆ ಶಕ್ತಿಯಿದೆ ಎಂದು ನಂಬುತ್ತಾರೆ. 29 ಎಂಬುದು ಅವರಿಲ್ಲದಾಗಿನ ಲೆಕ್ಕ; ಅದನ್ನು ಅವರು ನೋಡುವುದಾದರೂ ಹೇಗೆ?

ಹಾಗಾದರೆ ಧಣಿ ಇಲ್ಲದೆಯೂ ನಡೆಯುವ ಹೋಟೆಲನ್ನು ನಡೆಸುತ್ತಿರುವುದು ಏನು? ನಾಯಕನ ಬದಲಿಗೆ ನಿಲ್ಲುವ ಸಂಗತಿಗಳಿವೆ ಎಂದು ಸ್ಟೀವನ್ ಕೆರ್ ಮತ್ತು ಜಾನ್ ಜರ್ಮಿಯರ್ 1978ರಲ್ಲಿ ವಾದಿಸಿದರು: ಕೆಲಸಗಾರನ ಅನುಭವ, ಒಗ್ಗಟ್ಟಿನ ತಂಡ, ತಪ್ಪನ್ನು ತಾನೇ ತೋರಿಸಿಕೊಡುವ ಕೆಲಸ. ದೋಸೆ ಭಟ್ಟರನ್ನು ನೋಡಿ. ಕಾವಲಿಗೆ ನೀರು ಚಿಮುಕಿಸಿ, ಚುಂಯ್ ಎನ್ನುವ ಸದ್ದಿನಲ್ಲೇ ಬಿಸಿ ಅಳೆದು, ಪೊರಕೆಯಿಂದ ಒರೆಸಿ ಹಿಟ್ಟು ಹುಯ್ಯುತ್ತಾರೆ. ಬಿಸಿ ಹೆಚ್ಚಾದರೆ ಹಿಟ್ಟು ಹರಡದೆ ಸೌಟಿಗೇ ಅಂಟಿ ಎದ್ದು ಬರುತ್ತದೆ. ಇನ್ನು ಯಾರು ಬಂದು ಹೇಳಬೇಕು? ಮುಂಬಯಿಯ ಸೆಕೆಗೆ ಹಿಟ್ಟು ಬೇಗ ಹುಳಿಯುವುದನ್ನೂ ಧಣಿಗಿಂತ ಮೊದಲು ಅವರ ಮೂಗೇ ಹಿಡಿಯುತ್ತದೆ.

ನಾಯಕನ ಶೈಲಿ ಕೆಲಸಗಾರನ ಪಳಗುವಿಕೆಗೆ ತಕ್ಕಂತೆ ಬದಲಾಗಬೇಕು ಎಂದು ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ 1969ರಲ್ಲಿ ಹೇಳಿದರು. ನಿನ್ನೆ ಊರಿನಿಂದ ಬಂದಿಳಿದ ಹುಡುಗನನ್ನು ಕುದಿಯುವ ಎಣ್ಣೆಯ ಬಾಣಲೆಯೆದುರು ನಿಲ್ಲಿಸಿ, ‘ನಿನ್ನ ಅಭಿಪ್ರಾಯವೇನು ಮಾರಾಯ?’ ಎಂದು ಕೇಳಲಾಗದು. ಹೀಗೆ ಹಿಡಿ, ಹಾಗೆ ಬಿಡು ಎಂದೇ ಹೇಳಬೇಕು. ತರಬೇತಿ ಶಿಬಿರಗಳಲ್ಲಿ ಹೆಸರಾದಷ್ಟು ಈ ಸಿದ್ಧಾಂತ ಪರೀಕ್ಷೆಗಳಲ್ಲಿ ಗೆದ್ದಿಲ್ಲ. ಸ್ವಲ್ಪ ಗಟ್ಟಿಯಾಗಿ ನಿಂತಿರುವುದು ಹೊಸಬರ ವಿಷಯದಲ್ಲಿ ಮಾತ್ರ. ದನಿಯೇರಿಸುವ ಧಣಿಗಳಿಗೆ ಅಷ್ಟು ಸಮಾಧಾನ ಸಿಗಬಹುದು. ವರ್ಷಗಟ್ಟಲೆ ಕಾವಲಿಯ ಮುಂದೆ ಬೆವರಿದ ಭಟ್ಟರಿಗೂ ಅದೇ ದನಿಯಲ್ಲಿ ಗದರುವುದಕ್ಕೆ ಅದರಲ್ಲಿ ಆಧಾರವಿಲ್ಲ.